ಕನಸಿನಲ್ಲಿ ಕಂಡ ಗ್ರಂಥಭಂಡಾರ

ಒಬ್ಬನ ಪುಸ್ತಕಗಳ ಬೀರುವನ್ನು ನೋಡಿದರೆ ಅವನ ಮನಸ್ಸನ್ನೇ ನೋಡಿದಂತೆ ಎಂದು ನಾನು ಬಹುಕಾಲದಿಂದ ನಂಬಿದ್ದೇನೆ. ಇದಕ್ಕೆ ಸ್ವಿಟ್ಜರ್ಲೆಂಡಿನ ಮನೋವೈದ್ಯ ಕಾರ್ಲ್ ಗುಸ್ತಾವ್ ಯೂಂಗರ (1875–1961) ಗ್ರಂಥಭಂಡಾರಕ್ಕಿಂತ ಉತ್ತಮವಾದ ನಿದರ್ಶನವನ್ನು ಕಾಣೆ. ಲೋಕದಲ್ಲಿ ಜನರು ಪುಸ್ತಕಗಳನ್ನು ಓದಿ ಆಮೇಲೆ ಕನಸು ಕಾಣುವರು; ಯೂಂಗರಾದರೋ ಪುಸ್ತಕಗಳನ್ನು ಮೊದಲು ಕನಸಿನಲ್ಲಿಯೇ ಕಂಡರು.

ತಮ್ಮ ಮನೆಗೆ ತಾವರಿಯದ ಮತ್ತೊಂದು ಭಾಗವಿರುವಂತೆ ಅವರಿಗೆ ಮತ್ತೆ ಮತ್ತೆ ಕನಸು ಬೀಳುತ್ತಿದ್ದುದಾಗಿ 1962ರಲ್ಲಿ ಪ್ರಕಟವಾದ ಆತ್ಮಕಥನದಲ್ಲಿ ಹೇಳಿದೆ. ಕಡೆಗೊಮ್ಮೆ ಒಳಹೊಕ್ಕಾಗ ಹದಿನಾರು, ಹದಿನೇಳನೆಯ ಶತಮಾನಗಳ ದಪ್ಪ ಹೊತ್ತಗೆಗಳೂ, ಅವುಗಳಲ್ಲಿ ವಿಚಿತ್ರ ಸಂಕೇತಗಳ ಚಿತ್ರಗಳೂ ಕಂಡವಂತೆ. ಅವು ರಸವಾದದ ಸಂಕೇತಗಳೆಂಬುದು ಅನಂತರ ತಿಳಿಯಿತು. ಸುಮಾರು ಹದಿನೈದು ವರ್ಷಗಳಲ್ಲಿ ಅಂಥದೇ ಒಂದು ಭಂಡಾರವು ಅವರ ಬಳಿ ನಿಜವಾಗಿಯೇ ಸೇರಿತ್ತು.

1928ರಲ್ಲಿ ಮಿತ್ರರಾದ ರಿಚರ್ಡ್ ವಿಲ್ಹೆಲ್ಮರು ಚೀನೀ ಯೋಗಗ್ರಂಥವೊಂದರ ಅನುವಾದವನ್ನು ಕಳುಹಿಸಿದ ಮೇಲೆ ಯೂಂಗರಿಗೆ ರಸವಾದದಲ್ಲಿ ಕುತೂಹಲ ಹುಟ್ಟಿತು. ಮ್ಯೂನಿಕ್ಕಿನ ಪುಸ್ತಕ ವ್ಯಾಪಾರಿಯ ಮೂಲಕ ಮೊದಲು ಬಂದುದು 1593ರ ‘ಆರ್ಟಿಸ್ ಆರಿಫೆರೇ’ ಎಂಬ ಲ್ಯಾಟಿನ್ ಸಂಕಲನ. ಬಂದರೇನು! ಸುಮಾರು ಎರಡು ವರ್ಷ ಅದು ಹಾಗೆಯೇ ಬಿದ್ದಿತ್ತು. ಆಗಾಗ ಚಿತ್ರಗಳನ್ನು ನೋಡಿ ಬರಿಯ ಹುಚ್ಚುಮಾತೆಂದು ಮುಚ್ಚಿಡುತ್ತಿದ್ದರು. ಮುಂದೆ ಅವರು ಹಿಡಿದ ದಾರಿ ನನಗೆ ಬಹಳ ಮೆಚ್ಚು. ಅರಿಯದ ಭಾಷೆಯನ್ನು ಕಲಿಯುವವನಂತೆ, ಮರುಕಳಿಸುವ ಒಂದೊಂದು ಪದವನ್ನೂ ಬರೆದಿಟ್ಟುಕೊಂಡು, ಅದು ಬಂದ ಎಡೆಗಳನ್ನೆಲ್ಲ ಗುರುತಿಸಿ, ಸಾವಿರಾರು ನುಡಿಗಳ ಕೋಶವನ್ನು ಸಿದ್ಧಮಾಡಿಕೊಂಡರು.

ರೋಗಿಗಳ ಕನಸನ್ನು ಕೇಳುವ ವೈದ್ಯನಿಗೆ ಈ ಶ್ರಮವೇಕೆ? ವ್ಯಕ್ತಿಯ ಸ್ವಂತ ನೆನಪುಗಳ ಕೆಳಗೆ ಮಾನವಕುಲಕ್ಕೆಲ್ಲ ಸಾಧಾರಣವಾದ ಸುಪ್ತಚಿತ್ತವೊಂದುಂಟು ಎಂಬುದು ಯೂಂಗರ ಸಿದ್ಧಾಂತ. ಅದು ನಿಜವಾದರೆ, ಇಂದಿನ ರೋಗಿಯ ಕನಸಿನ ಚಿತ್ರಗಳು, ಅವನು ಕಂಡು ಕೇಳಿರದ ಹಳೆಯ ಪುಸ್ತಕಗಳಲ್ಲಿಯೂ ದೊರೆಯಬೇಕಷ್ಟೆ. ರಸವಾದಿಯು ಮೂಸೆಯಲ್ಲಿ ಲೋಹವನ್ನು ಕಾಸುತ್ತ, ತನಗರಿವಿಲ್ಲದೆ ತನ್ನ ಮನಸ್ಸನ್ನೇ ಅದರಲ್ಲಿ ಕಾಣುತ್ತಿದ್ದನೆಂದು ಅವರು 1944ರ ‘ಮನಶ್ಶಾಸ್ತ್ರ ಮತ್ತು ರಸವಾದ’ದಲ್ಲಿ ವಾದಿಸಿದರು.

ಇದನ್ನು ಎಲ್ಲರೂ ಒಪ್ಪಿಲ್ಲ. ಆ ಸಿಂಹ, ಸರ್ಪ, ರಾಜ, ರಾಣಿಯರಲ್ಲಿ ಬಹುಪಾಲು ಪ್ರಯೋಗಶಾಲೆಯ ದ್ರವ್ಯಗಳಿಗೂ ಕ್ರಿಯೆಗಳಿಗೂ ಇಟ್ಟ ಗುಪ್ತನಾಮಗಳೆಂದು ಲಾರೆನ್ಸ್ ಪ್ರಿನ್ಸಿಪೆ, ವಿಲಿಯಂ ನ್ಯೂಮನ್ ಎಂಬ ಇತಿಹಾಸಕಾರರು 2001ರಲ್ಲಿ ಬಲವಾಗಿ ಹೇಳಿದರು. ಈ ಆಕ್ಷೇಪವು ಹಗುರವಾದುದಲ್ಲ. ರಸವಾದಿಯು ಮೂಸೆಯಲ್ಲಿ ತನ್ನ ಮನಸ್ಸನ್ನು ಕಂಡನೆಂದ ಯೂಂಗರು, ತಾವು ಆ ಪುಸ್ತಕಗಳಲ್ಲಿ ತಮ್ಮದನ್ನೇ ಕಂಡಿರಲಾರರೆ? ರಸವಾದದ ಚರಿತ್ರೆಗೆ ಯೂಂಗರನ್ನು ಪ್ರಮಾಣವಾಗಿ ಹಿಡಿಯಲು ನನ್ನ ಮನಸ್ಸು ಒಡಂಬಡದು. ಆದರೆ ಓದುವವನ ಮನಸ್ಸು ಪುಸ್ತಕದಲ್ಲಿ ಹೇಗೆ ಕೆಲಸಮಾಡುತ್ತದೆಂಬುದಕ್ಕೆ ಅವರಿಗಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ನಮ್ಮ ನಾಡಿಗೆ ಬಂದಾಗಲೂ ಈ ಪುಸ್ತಕಗಳು ಅವರನ್ನು ಬಿಡಲಿಲ್ಲ. 1937–38ರಲ್ಲಿ ಭಾರತ ಸರ್ಕಾರದ ಆಹ್ವಾನದ ಮೇಲೆ ಬಂದವರು 1602ರ ‘ಥಿಯಾಟ್ರಂ ಕೆಮಿಕಂ’ನ ಮೊದಲ ಸಂಪುಟವನ್ನು ಜತೆಯಲ್ಲಿ ತಂದು, ಪ್ರವಾಸದಲ್ಲಿಯೇ ಆದ್ಯಂತವಾಗಿ ಓದಿದರು. ಮೈಸೂರಿನ ಮಹಾರಾಜರ ಗುರುಗಳಾಗಿದ್ದ ವಿ. ಸುಬ್ರಹ್ಮಣ್ಯ ಅಯ್ಯರೊಡನೆ ದೀರ್ಘವಾಗಿ ಸಂಭಾಷಿಸಿದರು. ಆದರೂ ತಮಗೆ ಬೇಕಾದ ಸತ್ಯವನ್ನು ಇತರರಿಂದ ಕಡವಾಗಿ ಪಡೆಯಲೊಲ್ಲದೆ, ಸಾಧುಸಂತರ ದರ್ಶನವನ್ನು ಬೇಕೆಂದೇ ತಪ್ಪಿಸಿಕೊಂಡರು.

ಎದುರಿಗೆ ಭಾರತವಿರಲು ಲ್ಯಾಟಿನ್ ಹೊತ್ತಗೆಯಲ್ಲಿ ತಲೆಯಿಟ್ಟವನನ್ನು ನೋಡಿ ನಗಬಹುದು. ನನಗೆ ನಗು ಬಾರದು. ಪರರ ತತ್ತ್ವವನ್ನು ಬೇಗನೆ ಮೆಚ್ಚಿಕೊಳ್ಳುವುದು ಸುಲಭ. ತನ್ನ ಹಿರಿಯರು ಬಿಟ್ಟುಹೋದ, ತನಗೇ ಅರ್ಥವಾಗದ ಪುಸ್ತಕವನ್ನು ಪದಪದವಾಗಿ ಬಿಡಿಸುವುದು ಕಷ್ಟ. ನಮ್ಮ ಮನೆಗಳ ಅಟ್ಟದಲ್ಲಿಯೂ ಪೂಜೆಗೆ ಮಾತ್ರ ಇಳಿದುಬರುವ ಓಲೆಯ ಕಟ್ಟುಗಳುಂಟು. ಅವನ್ನು ಹೊಗಳುವವರೂ ಹಳಿಯುವವರೂ ಬಹಳ ಮಂದಿ. ಪಕ್ಕದಲ್ಲಿ ಕಾಗದವಿಟ್ಟುಕೊಂಡು ತಿಳಿಯದ ಪದಗಳ ಪಟ್ಟಿಮಾಡುವವರು ಎಷ್ಟು ಮಂದಿ?