ಮಾತ್ರೆ ಮತ್ತು ಮೆದುಳು, ಭಾಗ 3: ಕುಗ್ಗುತ್ತಂತೆ, ಹೌದಾ?

ಹಿಂದಿನ ಭಾಗ ಹಾಕಿದ ಮೇಲೆ ಡಿಎಂನಲ್ಲಿ ಬಂದಿದ್ದು ಹೆಚ್ಚುಕಮ್ಮಿ ಒಂದೇ ಪ್ರಶ್ನೆ. ಸೈಕೋಸಿಸ್‌ಗೆ ಕೊಡೋ ಮಾತ್ರೆಯಿಂದ ಮೆದುಳು ಕುಗ್ಗುತ್ತಂತೆ, ನಿಜಾನಾ?

ನಮ್ಮಣ್ಣನೂ ಇದನ್ನೇ ಕೇಳಿದ್ದ. ಆಗ ಅವನು ಮಾತ್ರೆ ಶುರು ಮಾಡಿ ಏಳು ತಿಂಗಳು. ಕಿವಿಯಲ್ಲಿ ಕೇಳಿಸ್ತಿದ್ದ ದನಿಗಳು ನಿಂತಿದ್ವು, ಕಾಲೇಜಿಗೆ ವಾಪಸ್ ಹೋಗ್ತಿದ್ದ. ಜೊತೆಗೆ ಹನ್ನೊಂದು ಕೆಜಿ ತೂಕನೂ ಏರಿತ್ತು. ಯಾರೋ ಕಳಿಸಿದ ರೀಲ್ ನೋಡಿ, ಇವತ್ತಿಂದ ಮಾತ್ರೆ ಬಂದ್ ಅಂದ. (ಇದನ್ನೆಲ್ಲ ಬರೆಯೋಕೆ ಅವನ ಒಪ್ಪಿಗೆ ಇದೆ. ತೂಕದ ವಿಷಯ ಸೇರಿಸು ಅಂದಿದ್ದೂ ಅವನೇ.)

ಅಮ್ಮ “ಹಾಗೆಲ್ಲ ಏನೂ ಇಲ್ಲ, ಸುಮ್ನೆ ನುಂಗು” ಅಂದ್ರು. ನನಗೆ ಹಾಗನ್ನೋಕೆ ಬಾಯಿ ಬರಲಿಲ್ಲ. ಯಾಕಂದ್ರೆ ಆ ರೀಲ್ ಪೂರ್ತಿ ಸುಳ್ಳಲ್ಲ.

2005ರಲ್ಲಿ ಅಮೆರಿಕದ ಸಂಶೋಧಕರು ಮಕಾಕ್ ಕೋತಿಗಳಿಗೆ 17ರಿಂದ 27 ತಿಂಗಳು ಹ್ಯಾಲೊಪೆರಿಡಾಲ್ ಅಥವಾ ಒಲಾಂಜಪಿನ್ ಕೊಟ್ಟು ನೋಡಿದ್ದರ ವರದಿ ಬಂತು. ಮಾತ್ರೆ ಕೊಡದ ಕೋತಿಗಳಿಗೆ ಹೋಲಿಸಿದ್ರೆ ಇವುಗಳ ಮೆದುಳಿನ ತೂಕ, ಗಾತ್ರ ಶೇ. 8ರಿಂದ 11ರಷ್ಟು ಕಡಿಮೆ. ಕಾಯಿಲೆಯೇ ಇಲ್ಲದ ಪ್ರಾಣಿಗಳು, ಹಾಗಾಗಿ ಕಾಯಿಲೆಯಿಂದ ಹೀಗಾಯ್ತು ಅನ್ನೋ ಹಾಗೂ ಇಲ್ಲ. ಆದ್ರೆ ಆ ಮೆದುಳುಗಳ ಒಂದು ಭಾಗದಲ್ಲಿ ಜೀವಕೋಶ ಎಣಿಸಿದಾಗ, ಸ್ಪಷ್ಟವಾಗಿ ಕಡಿಮೆಯಾಗಿದ್ದು ನರಕೋಶಗಳಿಗೆ ಆಸರೆಯಾಗಿರೋ ಗ್ಲಿಯಾ ಕೋಶಗಳು. ನರಕೋಶಗಳ ಸಂಖ್ಯೆಯಲ್ಲಿ ಅಷ್ಟು ಖಚಿತವಾದ ವ್ಯತ್ಯಾಸ ಸಿಗಲಿಲ್ಲ. ರೀಲ್‌ನಲ್ಲಿ ಇದು ಇರಲ್ಲ ಬಿಡಿ.

2011ರಲ್ಲಿ ಅಯೋವಾದ ಅಧ್ಯಯನ ಬಂತು. 211 ಜನರನ್ನ ಸರಾಸರಿ ಏಳು ವರ್ಷ ಎಂಆರ್‌ಐನಲ್ಲಿ ಹಿಂಬಾಲಿಸಿದ್ರು. ಹೆಚ್ಚು ಮಾತ್ರೆ ತಗೊಂಡವರಲ್ಲಿ ಕುಗ್ಗಿದ್ದೂ ಹೆಚ್ಚು. ಆದ್ರೆ ಕಾಯಿಲೆ ಜೋರಾಗಿರೋರಿಗೇ ತಾನೇ ಡೋಸ್ ಜಾಸ್ತಿ ಕೊಡೋದು? ಲೆಕ್ಕದಲ್ಲಿ ಎರಡನ್ನೂ ಬೇರ್ಪಡಿಸೋಕೆ ನೋಡಿದ್ರು, ಆದ್ರೆ ಪೂರ್ತಿ ಬಿಡಿಸೋದು ಕಷ್ಟ. ಒಂದೂ ಮಾತ್ರೆ ನುಂಗದ ಹೊಸ ರೋಗಿಗಳಲ್ಲೂ ಮೆದುಳಿನ ಗಾತ್ರ ಸರಾಸರಿಯಲ್ಲಿ ಸ್ವಲ್ಪ ಕಡಿಮೆಯೇ ಇರುತ್ತೆ.

ಅಣ್ಣನಿಗೆ ನಾನು ಜಾಸ್ತಿ ಹೊತ್ತು ಹೇಳಿದ್ದು ಮೆಲ್ಬರ್ನ್ ಅಧ್ಯಯನದ ಬಗ್ಗೆ. 15ರಿಂದ 25 ವಯಸ್ಸಿನ, ಮೊದಲ ಸಲ ಸೈಕೋಸಿಸ್ ಬಂದ 62 ಜನ. ಅಂದ್ರೆ ಅವನಂಥವರೇ. ಚೀಟಿ ಎತ್ತಿದ ಹಾಗೆ ಕೆಲವರಿಗೆ ರಿಸ್ಪೆರಿಡೋನ್ ಅಥವಾ ಪ್ಯಾಲಿಪೆರಿಡೋನ್, ಉಳಿದವರಿಗೆ ನೋಡೋಕೆ ಹಾಗೇ ಇರೋ ಖಾಲಿ ಮಾತ್ರೆ. ಎಲ್ಲರಿಗೂ ಆರು ತಿಂಗಳು ಒಳ್ಳೇ ಆಪ್ತಸಮಾಲೋಚನೆ. 2021ರಲ್ಲಿ ಸ್ಕ್ಯಾನ್ ಫಲಿತಾಂಶ ಪ್ರಕಟವಾಯ್ತು. ಮೊದಲ ಮೂರು ತಿಂಗಳಲ್ಲಿ ಎದ್ದು ಕಂಡಿದ್ದು ಮೆದುಳಿನ ಆಳದಲ್ಲಿರೋ ಪ್ಯಾಲಿಡಮ್ ಅನ್ನೋ ಜಾಗ. ಅಸಲಿ ಮಾತ್ರೆ ತಗೊಂಡವರಲ್ಲಿ ಅದು ದೊಡ್ಡದಾಗಿತ್ತು! ಬಲಭಾಗದಲ್ಲಿ ಹೆಚ್ಚು ಬೆಳೆದವರಲ್ಲಿ ಲಕ್ಷಣಗಳೂ ಹೆಚ್ಚು ಇಳಿದಿದ್ವು.

ಇದರಿಂದ ಹತ್ತು ವರ್ಷದ ಕಥೆ ಗೊತ್ತಾಗಲ್ಲ. ಜನ ಕಡಿಮೆ, ಅಪಾಯ ಕಡಿಮೆ ಇದ್ದವರನ್ನೇ ಆರಿಸಿದ್ರು. ಹಾಗಾಗಿ ಖಾಲಿ ಮಾತ್ರೆ ಗುಂಪನ್ನ ತೋರಿಸಿ ‘ಮಾತ್ರೆನೇ ಬೇಡ’ ಅನ್ನೋರನ್ನೂ ನಾನು ನಂಬಲ್ಲ.

ಎಲ್ಲ ಕೇಳಿ ಅಣ್ಣ ಕೇಳಿದ್ದು, “ಹಾಗಾದ್ರೆ ನಂದು ಕುಗ್ಗಿದ್ಯಾ, ಬೆಳೆದಿದ್ಯಾ?” ಅಂತ. ಒಬ್ಬರ ಸ್ಕ್ಯಾನ್ ನೋಡಿ ಅದನ್ನ ಹೇಳೋಕಾಗಲ್ಲ, ಇವೆಲ್ಲ ಗುಂಪಿನ ಸರಾಸರಿ ಅಂದೆ. ಅವನಿಗೆ ಸಿಟ್ಟು ಬಂತು. ಬರಬೇಕಾದ್ದೇ.

ಆಮೇಲೆ ಅವನೇ ಡಾಕ್ಟರ್‌ಗೆ ಕೇಳೋಕೆ ಫೋನಲ್ಲಿ ಬರ್ಕೊಂಡ: ನನಗೆ ಕೆಲಸ ಮಾಡೋ ಕನಿಷ್ಠ ಡೋಸ್ ಎಷ್ಟು, ಶುಗರ್ ಯಾವಾಗ ಚೆಕ್ ಮಾಡಬೇಕು, ಮುಂದೆ ಇಳಿಸೋದಾದ್ರೆ ಎಷ್ಟು ನಿಧಾನಕ್ಕೆ. ಡಾಕ್ಟರ್ ಈಗಲೇ ಇಳಿಸಲ್ಲ, ಪರೀಕ್ಷೆ ಮುಗೀಲಿ ಅಂದ್ರು. ದಿಢೀರಂತ ಬಿಟ್ರೆ ದನಿಗಳು ವಾಪಸ್ ಬರಬಹುದು ಅಂತಾನೂ ಹೇಳಿದ್ರು. ಗೊಣಗ್ತಾ ನುಂಗ್ತಿದ್ದಾನೆ.

ನಿಮ್ಮ ಮನೇಲೂ ಇದೇ ಜಗಳ ನಡೀತಿದ್ರೆ ಟೆಲಿ ಮಾನಸ್ 14416ಗೆ ಫೋನ್ ಮಾಡಿ, ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಭಾಗ 4 ಆ ಹನ್ನೊಂದು ಕೆಜಿ ಬಗ್ಗೆ. ಅದನ್ನ ಅಣ್ಣನೇ ಬರೀತಾನಂತೆ.