ಜೆಡ್ಡಾದಲ್ಲಿ ಹರಾಜು, ರಾಮನಗರದಲ್ಲಿ ಗೂಡು

2024ರ ನವೆಂಬರ್ 24, ಭಾನುವಾರ. ಐಪಿಎಲ್ ಮೆಗಾ ಹರಾಜು ಜೆಡ್ಡಾದಲ್ಲಿ. ನಾನು ಮತ್ತು ಗೆಳೆಯ ಬೈಕಲ್ಲಿ, ಬಿಡದಿಯಲ್ಲಿ. ಎರಡು ದಿನ ರಜೆ ಹಾಕಿ ಮನೆಯಲ್ಲೇ ಕೂತು ಹರಾಜು ನೋಡಬೇಕು ಅಂತಿದ್ದವನನ್ನ ಅಮ್ಮ ಹೊರಡಿಸಿದ್ದರು: "ಮಾವನ ಮನೆಗೆ ಹೋಗಿ ಎಷ್ಟು ವರ್ಷ ಆಯ್ತು? ಆ ಹರಾಜು ಫೋನಲ್ಲಿ ಬರಲ್ವಾ?" ಸೋದರಮಾವನ ಊರು ಕನಕಪುರ ತಾಲ್ಲೂಕಿನಲ್ಲಿ, ಸಾತನೂರಿನ ಆಚೆ. ಹಾಗಾಗಿ ಬಿಡದಿ, ಚನ್ನಪಟ್ಟಣ, ಸಾತನೂರು, ವಾಪಸ್ ಬರುವಾಗ ರಾಮನಗರ, ಮಾಗಡಿ ಅಂತ ಒಂದು ಸುತ್ತು ಹಾಕಿಕೊಂಡೆವು.

ಎಕ್ಸ್‌ಪ್ರೆಸ್‌ವೇ ಮೇಲೆ 2023ರ ಆಗಸ್ಟ್‌ನಿಂದ ಬೈಕ್ ಬಿಡಲ್ಲ, ಸರ್ವಿಸ್ ರಸ್ತೆಯೇ ಗತಿ. ಅದರಿಂದ ಒಂದು ಲಾಭ, ಊರುಗಳು ಕಣ್ಣಿಗೆ ಬೀಳುತ್ತವೆ. ಬಿಡದಿಯ ತಟ್ಟೆ ಇಡ್ಲಿ ಬಗ್ಗೆ, ರಾಮನಗರದ 'ಶೋಲೆ' ಬಂಡೆಗಳ ಬಗ್ಗೆ ನಿಮಗೆ ಹೊಸದಾಗಿ ಹೇಳಬೇಕಾಗಿಲ್ಲ.

ಚನ್ನಪಟ್ಟಣ ತಲುಪಿದರೆ ರಸ್ತೆ ತುಂಬ ಪಟಾಕಿ ಚೂರು. ಹಿಂದಿನ ದಿನವಷ್ಟೇ ಉಪಚುನಾವಣೆ ಫಲಿತಾಂಶ ಬಂದಿತ್ತು. ಸಿ.ಪಿ. ಯೋಗೇಶ್ವರ್ 25 ಸಾವಿರಕ್ಕೂ ಹೆಚ್ಚು ಮತಗಳಿಂದ ನಿಖಿಲ್ ಕುಮಾರಸ್ವಾಮಿ ಅವರನ್ನು ಸೋಲಿಸಿದ್ದರು. ಯೋಗೇಶ್ವರ್ ಬಿಜೆಪಿ ಬಿಟ್ಟು ಕಾಂಗ್ರೆಸ್ ಸೇರಿ ಸರಿಯಾಗಿ ಒಂದು ತಿಂಗಳಾಗಿತ್ತು. "ಇವರದ್ದು ಟ್ರೇಡ್ ವಿಂಡೋ, ನಮ್ಮದು ಆಕ್ಷನ್" ಅಂದ ಗೆಳೆಯ. ಟೀ ಅಂಗಡಿಯವರು ನಕ್ಕರು, ಯಾವ ಪಕ್ಷದವರೋ ಗೊತ್ತಾಗಲಿಲ್ಲ.

ಮೂರೂವರೆಗೆ ಹರಾಜು ಶುರುವಾದಾಗ ನಾವೊಂದು ಗೊಂಬೆ ಅಂಗಡಿಯಲ್ಲಿದ್ದೆವು. ಹಾಲೆ ಮರದ ಕುದುರೆಗೆ ಒರಗಿಸಿ ಫೋನ್ ನಿಲ್ಲಿಸಿದೆ. ಹೊಸ ಹೈವೇ ಊರನ್ನು ಬಳಸಿಕೊಂಡು ಹೋದಮೇಲೆ ಈ ಹಳೇ ರಸ್ತೆಯಲ್ಲಿ ಕಾರು ನಿಲ್ಲಿಸಿ ಗೊಂಬೆ ಕೊಳ್ಳುವವರು ಕಡಿಮೆಯಾಗಿದ್ದಾರೆ. ಗಿರಾಕಿ ಇಲ್ಲದ್ದಕ್ಕೆ ಅಂಗಡಿಯವರೂ ಬಂದು ಕೂತರು. ರಿಷಭ್ ಪಂತ್ 27 ಕೋಟಿಗೆ ಲಕ್ನೋ ಪಾಲಾದಾಗ ಅವರು ಕೈಯಲ್ಲಿದ್ದ ಬುಗುರಿ ನೋಡಿ, ನನ್ನ ಮುಖ ನೋಡಿ, ಏನೂ ಹೇಳಲಿಲ್ಲ.

ನಮ್ಮ ತಂಡದ ಬಗ್ಗೆ ಆಗ ನನಗಿದ್ದ ಲೆಕ್ಕ ಹೀಗಿತ್ತು. ಉಳಿಸಿಕೊಂಡವರು ಮೂರೇ ಜನ: ಕೊಹ್ಲಿ 21 ಕೋಟಿ, ರಜತ್ ಪಾಟಿದಾರ್ 11, ಯಶ್ ದಯಾಳ್ 5. ಜೇಬಲ್ಲಿ 83 ಕೋಟಿ. ಬಿಟ್ಟವರಲ್ಲಿ ಯಾರನ್ನಾದರೂ ಬೇರೆಯವರು ಕೂಗಿದ ಬೆಲೆಗೆ ವಾಪಸ್ ಪಡೆಯುವ ಆರ್‌ಟಿಎಂ ಕಾರ್ಡ್ ಮೂರು. ಅಂದಮೇಲೆ ಸಿರಾಜ್ ವಾಪಸ್ ಬರ್ತಾನೆ, ಕೆ.ಎಲ್. ರಾಹುಲ್ ಮನೆಗೆ ಬರ್ತಾನೆ. ನನಗದು ಆಸೆ ಅನ್ನಿಸಿರಲಿಲ್ಲ, ಬರೀ ಕೂಡಿಸಿ ಕಳೆಯೋ ಲೆಕ್ಕ ಅಂದುಕೊಂಡಿದ್ದೆ.

ಸಿರಾಜ್ 12.25 ಕೋಟಿಗೆ ಗುಜರಾತ್. ಏಳು ಸೀಸನ್ ನಮ್ಮಲ್ಲಿದ್ದವನು. ಕಾರ್ಡ್ ಬಳಸ್ತೀರಾ ಅಂತ ಕೇಳಿದರು, ನಮ್ಮ ಟೇಬಲ್ ಬೇಡ ಅಂದಿತು. ಆಮೇಲೆ ರಾಹುಲ್ ಹೆಸರು. ನಮ್ಮವರು ಸ್ವಲ್ಪ ಹೊತ್ತು ಪ್ಯಾಡಲ್ ಎತ್ತಿದರು, ಆಮೇಲೆ ಕೆಳಗಿಟ್ಟರು. 14 ಕೋಟಿಗೆ ದೆಹಲಿ. ಇವೆರಡರ ನಡುವೆ ನಮಗೆ ಸಿಕ್ಕಿದ್ದು ಲಿಯಾಮ್ ಲಿವಿಂಗ್‌ಸ್ಟನ್, 8.75 ಕೋಟಿಗೆ. ಆಫೀಸಿನ ವಾಟ್ಸಾಪ್ ಗುಂಪಿನಲ್ಲಿ ಬೆಂಕಿ ಬಿತ್ತು. ನಾನೂ ತುಪ್ಪ ಸುರಿದೆ: "ಹೆಸರಲ್ಲಿ ಮಾತ್ರ ಬೆಂಗಳೂರು." ಆ ಮೆಸೇಜ್ ಇನ್ನೂ ಇದೆ. ಡಿಲೀಟ್ ಮಾಡಿಲ್ಲ, ಮಾಡಿದರೆ ಮೋಸ ಆಗುತ್ತೆ.

ಸಾತನೂರು ರಸ್ತೆಗೆ ತಿರುಗಿದಮೇಲೆ ನೆಟ್‌ವರ್ಕ್ ಬಿಟ್ಟು ಬಿಟ್ಟು ಬರುತ್ತಿತ್ತು. ಕತ್ತಲಾಗುವ ಮುಂಚಿನ ಬೆಳಕು. ತೆಂಗು, ರಾಗಿ ಹೊಲ, ನಡುನಡುವೆ ಹಿಪ್ಪುನೇರಳೆ ತೋಟ, ದೂರದಲ್ಲಿ ಕಬ್ಬಾಳದ ಗುಡ್ಡ. ಕೋಪದಲ್ಲಿದ್ದ ನಾನು ಇದರಲ್ಲಿ ಅರ್ಧವನ್ನೂ ನೋಡಲಿಲ್ಲ, ಮರುವರ್ಷ ಮತ್ತೆ ಹೋದಾಗ ನೋಡಿದ್ದು.

ಮಾವನ ಮನೆಯಲ್ಲಿ ನಮ್ಮನ್ನು ಮಾತಾಡಿಸುವಷ್ಟು ಪುರುಸೊತ್ತು ಯಾರಿಗೂ ಇರಲಿಲ್ಲ. ಮಾರನೇ ದಿನ ಗೂಡು ಮಾರ್ಕೆಟ್‌ಗೆ ಹೋಗಬೇಕು. ರೇಷ್ಮೆ ಹುಳು ನಾಲ್ಕು ಜ್ವರ ದಾಟಿ, ಹಣ್ಣಾಗಿ, ಚಂದ್ರಿಕೆ ಏರಿ ಗೂಡು ಕಟ್ಟುವ ಹೊತ್ತಿಗೆ ಹೆಚ್ಚುಕಡಿಮೆ ಒಂದು ತಿಂಗಳು. ಆ ಒಂದು ತಿಂಗಳು ಮನೆಯವರು ನೆಂಟರ ಮದುವೆಗೂ ಹೋಗಲ್ಲ. ಈಗ ಕಡೇ ಕೆಲಸ: ಗೂಡು ಬಿಡಿಸಿ, ಆರಿಸುವುದು. ಕಲೆ ಗೂಡು ಒಂದು ಕಡೆ, ಎರಡು ಹುಳು ಸೇರಿ ಕಟ್ಟಿದ ಜೋಡಿ ಗೂಡು ಒಂದು ಕಡೆ, ಪೊಳ್ಳು ಗೂಡು ಇನ್ನೊಂದು ಕಡೆ. ನಮ್ಮನ್ನೂ ಕೂರಿಸಿದರು. ಕಿಟಕಿ ಸರಳಿಗೆ ಫೋನ್ ಸಿಕ್ಕಿಸಿದೆ, ಅಲ್ಲಿ ಮಾತ್ರ ಎರಡು ಕಡ್ಡಿ ಸಿಗ್ನಲ್. ಫಿಲ್ ಸಾಲ್ಟ್ 11.50, ಜಿತೇಶ್ ಶರ್ಮಾ 11, ಹೇಜಲ್‌ವುಡ್ 12.50. ಜಿತೇಶ್‌ಗೆ 11 ಕೋಟಿನಾ ಅಂತ ನಾನು ಎಷ್ಟು ಜೋರಾಗಿ ಕೂಗಿದೆ ಅಂದರೆ ಅತ್ತೆ ಒಳಗಿಂದ ಓಡಿ ಬಂದರು, ಯಾರಿಗೋ ಏನೋ ಆಯಿತು ಅಂತ.

ಮಾವ ಕೇಳಿದರು, "ಅವ್ರು ಕೊಳ್ಳೋ ಮುಂಚೆ ಮುಟ್ಟಿ ನೋಡ್ತಾರೇನ್ಲಾ?"

ಇಲ್ಲ ಮಾವ, ಅಂಕಿಅಂಶ ನೋಡ್ತಾರೆ, ವಿಡಿಯೊ ನೋಡ್ತಾರೆ ಅಂದೆ.

"ಹಂಗಾದ್ರೆ ನೋಡ್ದಂಗೇ ಬುಡು. ನೀನು ಹೆಸರು ನೋಡ್ತಿದೀಯ."

ಸೋಮವಾರ ಬೆಳಗ್ಗೆ ಗೂಡು ಗೂಡ್ಸ್ ಆಟೊದಲ್ಲಿ, ನಾವು ಹಿಂದೆ ಬೈಕಲ್ಲಿ. ರಾಮನಗರದ ರೇಷ್ಮೆಗೂಡು ಮಾರುಕಟ್ಟೆಯನ್ನು ಏಷ್ಯಾದಲ್ಲೇ ದೊಡ್ಡದು ಅಂತಾರೆ. ನಾನು ಎಷ್ಟೋ ಸಲ ಅದರ ಮುಂದೆಯೇ ಮೈಸೂರಿಗೆ ಹೋಗಿದ್ದೇನೆ, ಒಳಗೆ ಕಾಲಿಟ್ಟಿದ್ದು ಅವತ್ತೇ. ಉದ್ದಕ್ಕೂ ಜಾಲರಿಗಳಲ್ಲಿ ಸುರಿದ ಗೂಡು, ದ್ವಿತಳಿ ಬೆಳ್ಳಗೆ, ಮಿಶ್ರತಳಿ ತಿಳಿ ಹಳದಿ. ಒಂದೊಂದು ರಾಶಿಗೂ ಲಾಟ್ ನಂಬರ್. ಹುಳದ ವಾಸನೆ ಮೊದಲ ಹತ್ತು ನಿಮಿಷ ಕಷ್ಟ, ಆಮೇಲೆ ಗೊತ್ತಾಗಲ್ಲ.

ನಾನು ಕೂಗಾಟ ಇರುತ್ತೆ ಅಂದುಕೊಂಡಿದ್ದೆ. ಇಲ್ಲ. ಇಲ್ಲೀಗ ಇ-ಹರಾಜು. ನೂಲು ಬಿಚ್ಚುವ ರೀಲರ್‌ಗಳು ಜಾಲರಿಯಿಂದ ಜಾಲರಿಗೆ ನಡೆಯುತ್ತಾರೆ. ಒಂದು ಹಿಡಿ ಗೂಡು ಎತ್ತಿ, ಬೆರಳಲ್ಲಿ ಒತ್ತಿ, ಕಿವಿಯ ಹತ್ತಿರ ಅಲ್ಲಾಡಿಸುತ್ತಾರೆ. ಒಳಗಿನ ಕೋಶ ಸರಿಯಾಗಿದ್ದರೆ ಒಂದು ಸದ್ದು, ಸತ್ತು ಕೊಳೆತಿದ್ದರೆ ಇನ್ನೊಂದು. ಆಮೇಲೆ ತಮ್ಮ ಫೋನಲ್ಲಿ ಬೆಲೆ ಹಾಕುತ್ತಾರೆ. ಯಾರು ಎಷ್ಟು ಹಾಕಿದರು ಅಂತ ಪಕ್ಕದವನಿಗೆ ಗೊತ್ತಾಗಲ್ಲ. ಜೆಡ್ಡಾದಲ್ಲಿ ಮಲ್ಲಿಕಾ ಸಾಗರ್ ಸುತ್ತಿಗೆ ಹಿಡಿದು ನಿಂತಿದ್ದರೆ ಇಲ್ಲಿ ಪರದೆ ಮೇಲೆ ಅಂಕಿ ಬರುತ್ತೆ, ಅಷ್ಟೇ. ಈ ತೋಟ ಒಳ್ಳೇದು, ಈ ಮನೆತನ ಹಳೇದು ಅಂತ ಅಲ್ಲಿ ಯಾರೂ ಬೆಲೆ ಕಟ್ಟಲ್ಲ. ಒಳ್ಳೆ ದ್ವಿತಳಿ ಗೂಡಲ್ಲಿ ಸಾವಿರ ಮೀಟರ್‌ವರೆಗೂ ಎಳೆ ಬರುತ್ತೆ. ಅದು ನಡುವೆ ಕಡಿಯದೆ ಬಿಚ್ಚಿಕೊಳ್ಳುತ್ತಾ, ಅದೊಂದೇ ಪ್ರಶ್ನೆ.

ಮಾವನ ಲಾಟ್‌ಗೆ ಮೊದಲ ಸುತ್ತಲ್ಲಿ ಬಂದ ಬೆಲೆ ಅವರಿಗೆ ಹಿಡಿಸಲಿಲ್ಲ. ಒಪ್ಪಲ್ಲ ಅಂದರು. ನನಗೆ ಗಾಬರಿ. ಹಾಗೆ ಅನ್ನಬಹುದಾ? ಅನ್ನಬಹುದು. ಅದು ರೈತನ ಹಕ್ಕು. ಬೇಡ ಅಂದು ಮುಂದಿನ ಸುತ್ತಿಗೆ ಕಾಯಬಹುದು. ಆದರೆ ಹೆಚ್ಚು ದಿನ ಕಾಯುವ ಹಾಗಿಲ್ಲ, ಒಳಗಿನ ಹುಳು ಚಿಟ್ಟೆಯಾಗಿ ಗೂಡು ತೂತು ಮಾಡಿದರೆ ಎಳೆ ಹೋಯಿತು, ಬೆಲೆ ಹೋಯಿತು. ಬೇಡ ಅನ್ನುವ ಅಧಿಕಾರ ಇದೆ, ಅದಕ್ಕೊಂದು ಗಡುವೂ ಇದೆ. ಆಟಗಾರನಿಗೆ ಅಷ್ಟೂ ಇಲ್ಲ. ಹೆಸರು ಕೊಟ್ಟು ಕೂತಮೇಲೆ ಸುತ್ತಿಗೆ ಎಲ್ಲಿ ಬಿತ್ತೋ ಅಲ್ಲಿಗೆ ಹೋಗಬೇಕು. ಸಿರಾಜ್ ನಮ್ಮನ್ನ ಬಿಟ್ಟು ಹೋದ ಅಂತ ಹಿಂದಿನ ರಾತ್ರಿ ಟೈಪ್ ಮಾಡಿದ್ದೆ. ಬಿಟ್ಟವರು ನಾವು, ಹೋದದ್ದು ಅವನು.

ಎರಡನೇ ಸುತ್ತಲ್ಲಿ ಕೆಜಿಗೆ ಹನ್ನೆರಡು ರೂಪಾಯಿ ಜಾಸ್ತಿ ಬಂತು. ಮಾವ ಒಪ್ಪಿದರು. ಖುಷಿಯಾಗಿ ಅಲ್ಲ.

ಅವರನ್ನು ಬಸ್ ಹತ್ತಿಸಿ ನಾವು ಮಾಗಡಿ ಕಡೆ ತಿರುಗಿದೆವು. ದಾರಿಯಲ್ಲಿ ಬಂಡೆಗಳು, ಆಮೇಲೆ ದೂರಕ್ಕೆ ಸಾವನದುರ್ಗ, ಒಂದೇ ಕಲ್ಲಿನ ಬೆಟ್ಟ. ಮಾಗಡಿಯ ಕೋಟೆ ಗೋಡೆಯ ನೆರಳಲ್ಲಿ ಕೂತು ಎರಡನೇ ದಿನದ ಹರಾಜು ನೋಡಿದೆವು. ಬೆಂಗಳೂರು ಕಟ್ಟಿದ ಕೆಂಪೇಗೌಡರ ವಂಶದವರು ಬೆಂಗಳೂರು ಕೈತಪ್ಪಿದಮೇಲೆ ಬಂದು ನೆಲೆಸಿದ್ದು ಈ ಊರಲ್ಲಿ. ಸ್ವಂತ ತಂಡದಿಂದ ರಿಲೀಸ್ ಆದವರು ಅಂತ ಗೆಳೆಯ ಹೇಳಿದ, ಇತಿಹಾಸ ಓದಿದವರು ಕ್ಷಮಿಸಬೇಕು. ಕೃಣಾಲ್ ಪಾಂಡ್ಯ 5.75 ಕೋಟಿಗೆ ನಮಗೆ. ಭುವನೇಶ್ವರ್ ಕುಮಾರ್ 10.75. ಮೂವತ್ತನಾಲ್ಕು ವರ್ಷದ ಬೌಲರ್‌ಗೆ! ವಿಲ್ ಜಾಕ್ಸ್ 5.25ಕ್ಕೆ ಮುಂಬೈಗೆ ಹೋದ, ನಾವು ಕಾರ್ಡ್ ಎತ್ತಲಿಲ್ಲ, ಆಕಾಶ್ ಅಂಬಾನಿ ನಮ್ಮ ಟೇಬಲ್ ಹತ್ತಿರವೇ ಬಂದು ಕೈಕುಲುಕಿ ಹೋದರು. ನಾನು ಫೋನ್ ಆಫ್ ಮಾಡಿದೆ. ಮೂರರಲ್ಲಿ ಬಳಸಿದ ಒಂದೇ ಒಂದು ಕಾರ್ಡ್ ಸ್ವಪ್ನಿಲ್ ಸಿಂಗ್‌ಗೆ, 50 ಲಕ್ಷಕ್ಕೆ ಅಂತ ಮನೆಗೆ ಬಂದಮೇಲೆ ಗೊತ್ತಾಯಿತು. ಕನ್ನಡದ ಹುಡುಗರು ಅಂತ ಬಂದವರು ಇಬ್ಬರು: ದೇವದತ್ತ ಪಡಿಕ್ಕಲ್ 2 ಕೋಟಿಗೆ, ಮನೋಜ್ ಭಾಂಡಗೆ 30 ಲಕ್ಷಕ್ಕೆ.

ಮುಂದಿನದ್ದು ನಿಮಗೆಲ್ಲ ಗೊತ್ತು. ಏಪ್ರಿಲ್ 2ಕ್ಕೆ ಸಿರಾಜ್ ಚಿನ್ನಸ್ವಾಮಿಗೆ ಬಂದು 19 ರನ್‌ಗೆ 3 ವಿಕೆಟ್ ತೆಗೆದ. ಏಪ್ರಿಲ್ 10ಕ್ಕೆ ರಾಹುಲ್ ಅದೇ ಮೈದಾನದಲ್ಲಿ 93 ಹೊಡೆದು ದೆಹಲಿಯನ್ನು ಗೆಲ್ಲಿಸಿ, ನೆಲದ ಮೇಲೆ ಬ್ಯಾಟಲ್ಲಿ ವೃತ್ತ ಎಳೆದು ಊರಿ ನಿಂತ, 'ಕಾಂತಾರ' ಸಿನಿಮಾದ ಹಾಗೆ. ಇದು ನನ್ನ ಜಾಗ ಅಂತ. ಎರಡು ದಿನವೂ ಗುಂಪಿನಲ್ಲಿ ನನ್ನ ಹಳೇ ಮೆಸೇಜ್‌ಗೆ ಲೈಕ್ ಬಿತ್ತು.

ಆದರೆ ಜೂನ್ 3ಕ್ಕೆ ಅಹಮದಾಬಾದಿನಲ್ಲಿ ಪಂಜಾಬನ್ನು ಆರು ರನ್‌ಗಳಿಂದ ಸೋಲಿಸಿ ಹದಿನೆಂಟನೇ ಸೀಸನ್‌ನಲ್ಲಿ ಮೊದಲ ಕಪ್ ಗೆದ್ದಾಗ ಪಂದ್ಯಶ್ರೇಷ್ಠ ಯಾರು? ಕೃಣಾಲ್. ನಾಲ್ಕು ಓವರ್, 17 ರನ್, 2 ವಿಕೆಟ್. ಹೇಜಲ್‌ವುಡ್ ಸೀಸನ್ನಿಗೆ 22 ವಿಕೆಟ್, ನಾನು ಮುದುಕ ಅಂದಿದ್ದ ಭುವಿ 17. ಜಿತೇಶ್ ಲಕ್ನೋ ವಿರುದ್ಧ 33 ಎಸೆತಕ್ಕೆ ಔಟಾಗದೆ 85 ಹೊಡೆದ ರಾತ್ರಿ ನಾನು ಕೂಗಿದ್ದು ಮಾವನ ಮನೆಯಲ್ಲಿ ಕೂಗಿದ್ದಕ್ಕಿಂತ ಜೋರು. ನಮ್ಮ ಟೇಬಲ್‌ನಲ್ಲಿ ಕೂತವರು ರೀಲರ್‌ಗಳ ಹಾಗೆ ಅಲ್ಲಾಡಿಸಿ ಸದ್ದು ಕೇಳಿದ್ದರು, ನಾನು ಬಣ್ಣ ನೋಡಿದ್ದೆ.

ಮಾರನೇ ದಿನದ ಬಗ್ಗೆ ಬರೆಯದೆ ಮುಂದೆ ಹೋಗಲಾರೆ. ಜೂನ್ 4, ಚಿನ್ನಸ್ವಾಮಿ ಎದುರಿನ ನೂಕುನುಗ್ಗಲಿನಲ್ಲಿ 11 ಜನ ಸತ್ತರು. ನಾನೂ ಹೊರಟವನೇ, ಮೀಟಿಂಗ್ ಒಂದು ಮುಗಿಯಲಿಲ್ಲ ಅಂತ ಉಳಿದೆ. ಎಂದೂ ತಾವಾಗಿ ಫೋನ್ ಮಾಡದ ಮಾವ ಸಂಜೆ ಮಾಡಿದರು. "ಎಲ್ಲಿದೀಯ?" ಆಫೀಸಲ್ಲಿ ಅಂದೆ. "ಸರಿ" ಅಂತ ಇಟ್ಟರು. ಕೆಂಪು ಜರ್ಸಿ ಮಡಿಸಿಟ್ಟಿದ್ದು ಇನ್ನೂ ಬೀರುವಿನಲ್ಲೇ ಇದೆ.

2025ರ ನವೆಂಬರ್ 15, ಶನಿವಾರ, ಆರ್‌ಸಿಬಿ ಬಿಟ್ಟವರ ಪಟ್ಟಿ ಬಂದಾಗ ನಾನು ಮತ್ತೆ ಮಾವನ ಮನೆಯ ಜಗುಲಿಯಲ್ಲಿದ್ದೆ. ಈ ಸಲ ಅಮ್ಮ ಹೇಳಬೇಕಾಗಿರಲಿಲ್ಲ. ಅಷ್ಟರಲ್ಲಿ ಜಿಲ್ಲೆಯ ಹೆಸರೇ ಬದಲಾಗಿ ಬೆಂಗಳೂರು ದಕ್ಷಿಣ ಆಗಿತ್ತು. ಮಾವ ಇನ್ನೂ ರಾಮನಗರ ಜಿಲ್ಲೆ ಅಂತಲೇ ಬರೆಯುತ್ತಾರೆ. ನಾನು ಹೊಸ ಹೆಸರಿಗೆ ಒಗ್ಗಿದ್ದೇನೆ, ತಂಡವೂ 2024ರಲ್ಲಷ್ಟೇ ಬ್ಯಾಂಗಲೋರ್ ಹೋಗಿ ಬೆಂಗಳೂರು ಆಗಿದ್ದಲ್ವಾ.

ಪಟ್ಟಿಯಲ್ಲಿ ಲಿವಿಂಗ್‌ಸ್ಟನ್. ಜೆಡ್ಡಾದಲ್ಲಿ ನಾವು ಕೊಂಡ ಮೊದಲನೆಯವನು ಒಂದೇ ವರ್ಷಕ್ಕೆ ಹೊರಗೆ. ಎನ್‌ಗಿಡಿ, ಮಯಾಂಕ್ ಅಗರ್ವಾಲ್. ಭಾಂಡಗೆ ಕೂಡ. ಲಿವಿಂಗ್‌ಸ್ಟನ್ ಬಗ್ಗೆ ನನಗೇನೂ ಅನ್ನಿಸಲಿಲ್ಲ. 8.75 ಕೋಟಿ ಉಳಿದು ಡಿಸೆಂಬರ್ 16ರ ಅಬುಧಾಬಿ ಹರಾಜಿಗೆ 16.40 ಕೋಟಿ ಕೈಯಲ್ಲಿತ್ತು, ಅದು ಸರಿಯಾದ ಲೆಕ್ಕ. ಆದರೆ 30 ಲಕ್ಷದ ರಾಯಚೂರಿನ ಹುಡುಗನನ್ನು ಬಿಟ್ಟರೆ ಉಳಿಯೋದು 30 ಲಕ್ಷ. ಇದೊಂದು ನನಗೆ ಈಗಲೂ ಒಪ್ಪಿಗೆಯಿಲ್ಲ. ನೂಲಿನ ಲೆಕ್ಕ ಕಲಿತಮೇಲೂ ಒಪ್ಪಿಗೆಯಿಲ್ಲ.

"ಯಾರ್ನ ಬುಟ್ರು ನಿಮ್ಮೋರು?" ಮಾವ ಕೇಳಿದರು. ಹೇಳಿದೆ. ಅವರು ಹಿತ್ತಲ ಕಡೆ ಕೈ ತೋರಿಸಿದರು. ಎದ್ದು ಹೋಗಿ ನೋಡಿದೆ. ಹಿಪ್ಪುನೇರಳೆ ತೋಟ ಅರ್ಧಕ್ಕೆ ಅರ್ಧ ಇಲ್ಲ, ತೆಂಗಿನ ಸಸಿ ಇಟ್ಟಿದ್ದಾರೆ. ಸೊಪ್ಪು ಕೊಯ್ಯಲು ಆಳು ಸಿಗಲ್ಲ, ಮಗ ಬೆಂಗಳೂರಲ್ಲಿ, ಅತ್ತೆಗೆ ಮಂಡಿ ನೋವು. ಇಪ್ಪತ್ತು ವರ್ಷದ ಗಿಡ, ಬುಡ ಸಮೇತ ಕೀಳಿಸಿದ್ದು. "ಚೆನ್ನಾಗೇ ಸೊಪ್ಪು ಕೊಡ್ತಿತ್ತು" ಅಂದರು.

ಸೋಮವಾರ ಮತ್ತೆ ಮಾರುಕಟ್ಟೆ. ಈ ಸಲ ಜಾಲರಿ ಕಡಿಮೆ. ಸರದಿ ಬರುವವರೆಗೆ ಹೊತ್ತು ಹೋಗಲಿ ಅಂತ ನಾನೇ ಹೇಳಿದೆ: ಮಾವ, ಈ ಸಲ ಆಟಗಾರರಷ್ಟೇ ಅಲ್ಲ, ತಂಡವೇ ಮಾರಾಟ ಆಗಬಹುದು, ಮಾಲೀಕ ಕಂಪನಿ ತನ್ನ ಹೂಡಿಕೆಯನ್ನು ಮರುಪರಿಶೀಲನೆ ಮಾಡ್ತೀನಿ ಅಂದಿದೆ.

"ಇಡೀ ಟೀಮಾ? ನಿನ್ನೂ ಸೇರ್ಸಿ?"

ಅಷ್ಟರಲ್ಲಿ ಒಬ್ಬ ರೀಲರ್ ನಮ್ಮ ಜಾಲರಿ ಹತ್ತಿರ ಬಂದು ಬಗ್ಗಿ, ಒಂದು ಹಿಡಿ ಗೂಡು ಎತ್ತಿ ಕಿವಿಗೆ ಹಿಡಿದರು. ಮಾವ ಮಾತು ನಿಲ್ಲಿಸಿ ಅವರ ಮುಖವನ್ನೇ ನೋಡುತ್ತಾ ನಿಂತರು.