ಇಪ್ಪತ್ತೆಂಟು ದಿನಗಳ ಮಾಸ

ಕಾಲವನ್ನು ಅಳೆಯುವುದರಲ್ಲಿ ನಮ್ಮ ಹಿರಿಯರು ಪಟ್ಟ ಶ್ರಮ ಸಾಮಾನ್ಯವಾದುದಲ್ಲ. ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಸುಮಾರು ಇಪ್ಪತ್ತೊಂಬತ್ತೂವರೆ ದಿನವೆಂದು ಕಂಡುಕೊಂಡು ಅದನ್ನು ಚಾಂದ್ರಮಾಸವೆಂದು ಕರೆದರು. ಚಂದ್ರನು ಅಶ್ವಿನಿಯಿಂದ ಹೊರಟು ಮತ್ತೆ ಅಶ್ವಿನಿಯನ್ನು ಸೇರಲು ಇಪ್ಪತ್ತೇಳು ದಿನಗಳೂ ಕೆಲವು ಗಳಿಗೆಗಳೂ ಹಿಡಿಯುವುವೆಂದು ಎಣಿಸಿ ಅದನ್ನು ನಾಕ್ಷತ್ರಮಾಸವೆಂದರು. ಸೂರ್ಯನು ರಾಶಿಯಿಂದ ರಾಶಿಗೆ ದಾಟುವ ಅವಧಿ ಸೌರಮಾಸವಾಯಿತು. ಇವಾವುದಕ್ಕೂ ಸೇರದ, ಯಾವ ಗ್ರಹದ ಚಲನೆಯನ್ನೂ ಆಶ್ರಯಿಸದ ಮತ್ತೊಂದು ಮಾಸ ಈಗ ಗೃಹಸ್ಥರ ಮನೆಗಳಲ್ಲಿ ಆಚರಣೆಗೆ ಬಂದಿದೆ. ಅದಕ್ಕೆ ಸರಿಯಾಗಿ 28 ದಿನ. ಜಂಗಮ ದೂರವಾಣಿಯ ಅತ್ಯಲ್ಪ ದರದ ಯೋಜನೆಯನ್ನು ನೆಚ್ಚಿ ಬಾಳುವವರೆಲ್ಲ ಈ ಮಾಸದ ಅನುಯಾಯಿಗಳು.

ಈ ಮಾಸಕ್ಕೂ ಅಧಿಕಮಾಸ ಉಂಟು. ಪಂಚಾಂಗದಲ್ಲಿ ಸುಮಾರು ಮೂವತ್ತೆರಡೂವರೆ ತಿಂಗಳಿಗೊಮ್ಮೆ ಅಧಿಕಮಾಸ ಬರುತ್ತದೆ; 2023ರಲ್ಲಿ ಅಧಿಕ ಶ್ರಾವಣ ಬಂದುದು ಅನೇಕರ ನೆನಪಿನಲ್ಲಿರಬಹುದು. ದೂರವಾಣಿಯ ಅಧಿಕಮಾಸಕ್ಕಾದರೋ ಅಷ್ಟು ಸಂಯಮವಿಲ್ಲ, ಅದು ವರ್ಷವರ್ಷವೂ ಬರುತ್ತದೆ. ಹದಿಮೂರು ಇಪ್ಪತ್ತೆಂಟಲೆ ಮುನ್ನೂರ ಅರವತ್ತನಾಲ್ಕು. ಪಂಚಾಂಗದ ಅಧಿಕಮಾಸದಲ್ಲಿ ಮೂವತ್ತಮೂರು ಅಪೂಪಗಳನ್ನು ದಾನ ಕೊಟ್ಟರೆ ಪುಣ್ಯವೆನ್ನುತ್ತಾರೆ. ಈ ಇನ್ನೊಂದರಲ್ಲಿ ಕೊಡುವುದೇನೋ ಉಂಟು, ಪುಣ್ಯದ ಮಾತು ಯಾರೂ ಎತ್ತುವುದಿಲ್ಲ.

ಮೈಸೂರಿನ ಸರಸ್ವತೀಪುರದಲ್ಲಿದ್ದ ನಿವೃತ್ತ ಉಪಾಧ್ಯಾಯರೊಬ್ಬರು ಇದನ್ನೆಲ್ಲ ಮೊದಲೇ ಲೆಕ್ಕ ಹಾಕಿ ಇಟ್ಟಿದ್ದರು. ಪ್ರೌಢಶಾಲೆಯಲ್ಲಿ ಗಣಿತ ಹೇಳಿದ ಮೇಷ್ಟರು. ಅವರ ಬಳಿ ಇದ್ದುದು ಗುಂಡಿಗಳನ್ನೊತ್ತುವ ಚಿಕ್ಕ ಫೋನು. ಅದರ ಖರ್ಚಿಗೆಂದೇ ನೀಲಿ ರಟ್ಟಿನ ಒಂದು ಪುಸ್ತಕ. ಜನವರಿ 1ರಂದು ಹಣ ಕಟ್ಟಿದರೆ ಮುಂದಿನದು ಅದೇ ತಿಂಗಳ 29ಕ್ಕೆ, ಅದರಾಚೆಯದು ಫೆಬ್ರವರಿ 26ಕ್ಕೆ. ಹೀಗೆ ಹಿಂದು ಹಿಂದಕ್ಕೆ ಜರುಗುತ್ತ ಡಿಸೆಂಬರ್ 3ರ ವೇಳೆಗೆ ಹದಿಮೂರನೆಯ ಕಂತು ಬಂದೇಬಿಡುತ್ತದೆಂದು ಆ ಪುಸ್ತಕದ ಮೊದಲ ಪುಟದಲ್ಲಿಯೇ ಬರೆದಿತ್ತು. ಪಿಂಚಣಿ ಮಾತ್ರ ತಿಂಗಳ ಲೆಕ್ಕದಲ್ಲಿಯೇ ಬರುವುದಷ್ಟೆ. ಎರಡು ಚಕ್ರಗಳು ಎರಡು ವೇಗದಲ್ಲಿ ತಿರುಗುವ ಈ ಸಮಸ್ಯೆಯನ್ನು ಮೇಷ್ಟರು ಲಘುತಮ ಸಾಮಾನ್ಯ ಅಪವರ್ತ್ಯದಿಂದ ಬಿಡಿಸಲು ಹವಣಿಸುತ್ತಿದ್ದಾಗ, ಗಣಿತವನ್ನು ಅಷ್ಟಾಗಿ ಓದದ ಅವರ ಪತ್ನಿ ಒಂದು ಮಾತು ಹೇಳಿದರು: “ಅದೇನು ಕಷ್ಟ? ಯಾವಾಗಲೂ ಗುರುವಾರವೇ ಬರುತ್ತದಲ್ಲ. ನಾಲ್ಕನೆಯ ಗುರುವಾರ ರಾಯರ ಮಠಕ್ಕೆ ಹೋಗುವ ದಾರಿಯಲ್ಲಿ ಅಂಗಡಿಗೆ ಕೊಟ್ಟು ಹೋದರಾಯಿತು.” ಇಪ್ಪತ್ತೆಂಟೆಂದರೆ ನಾಲ್ಕು ವಾರ, ತಾರೀಖು ಎಷ್ಟು ಜರುಗಿದರೂ ವಾರ ಜರುಗದು. ಮೇಷ್ಟರು ಆ ದಿನ ಪುಸ್ತಕದಲ್ಲಿ ‘ಗುರುವಾರ’ ಎಂದು ಬರೆದು ಅದರ ಕೆಳಗೆ ಎರಡು ಗೆರೆ ಎಳೆದರಂತೆ.

ಮೇಷ್ಟರನ್ನು ಜಿಪುಣರೆಂದು ಬಂಧುಗಳು ಹಾಸ್ಯ ಮಾಡುತ್ತಿದ್ದುದು ನಿಜ. ಆದರೆ ಈ ದೇಶದ ಮಧ್ಯಮ ವರ್ಗಕ್ಕೆ ದೂರವಾಣಿಯ ವಿಷಯದಲ್ಲಿ ಮಿತವ್ಯಯವನ್ನು ಕಲಿಸಿದ್ದು ಜಿಪುಣತನವಲ್ಲ, ಭಯ. 1995ರ ಜುಲೈ 31ರಂದು ಕಲ್ಕತ್ತೆಯಿಂದ ಮುಖ್ಯಮಂತ್ರಿ ಜ್ಯೋತಿ ಬಸು ಅವರು ದೆಹಲಿಯಲ್ಲಿದ್ದ ಸಂಪರ್ಕ ಸಚಿವ ಸುಖರಾಂ ಅವರೊಡನೆ ಆಡಿದ ಮಾತೇ ಭಾರತದ ಮೊದಲ ಜಂಗಮ ಕರೆ. ಆ ಕಾಲದಲ್ಲಿ ನಿಮಿಷಕ್ಕೆ ಸುಮಾರು 16 ರೂಪಾಯಿ. ಕರೆದವನೂ ತೆರಬೇಕು, ಕರೆಸಿಕೊಂಡವನೂ ತೆರಬೇಕು. ಜೇಬಿನಲ್ಲಿ ಗಂಟೆ ಬಾರಿಸಿದರೆ ಯಾರೋ ಸಾಲಗಾರನು ಬಾಗಿಲು ತಟ್ಟಿದಂತೆ ಎದೆ ಹೊಡೆದುಕೊಳ್ಳುತ್ತಿತ್ತು. 2003ರ ಮೇ ತಿಂಗಳಿನಿಂದ ಒಳಬರುವ ಕರೆಗೆ ಶುಲ್ಕ ತಪ್ಪಿದ ಮೇಲೆಯೇ ಮೇಷ್ಟರಂಥವರು ಧೈರ್ಯದಿಂದ ಫೋನು ಕೊಂಡದ್ದು.

ಆಗ ಹುಟ್ಟಿತು ನೋಡಿ, ‘ಮಿಸ್ಡ್ ಕಾಲ್’ ಎಂಬ ಅದ್ಭುತ ಭಾಷೆ! ಶಬ್ದವಿಲ್ಲದೆ ಅರ್ಥವನ್ನು ಹೊರಡಿಸುವ ಈ ಉಪಾಯಕ್ಕೆ ಯಾವ ವ್ಯಾಕರಣಕಾರನೂ ಸೂತ್ರ ಬರೆಯಲಿಲ್ಲ. ಆದರೂ ಮನೆಮನೆಯಲ್ಲಿಯೂ ಅದಕ್ಕೊಂದು ವ್ಯಾಕರಣ ಏರ್ಪಟ್ಟಿತು. ಮೇಷ್ಟರ ಮನೆಯಲ್ಲಿ ಒಂದು ಗಂಟೆಯೆಂದರೆ ‘ಕ್ಷೇಮವಾಗಿ ತಲುಪಿದೆ’. ಎರಡೆಂದರೆ ‘ಬಸ್ಸು ತಡವಾಗಿದೆ, ಊಟಕ್ಕೆ ಕಾಯಬೇಡಿ’. ಗಂಟೆ ನಿಲ್ಲದೆ ಬಾರಿಸುತ್ತಲೇ ಇದ್ದರೆ ‘ನಿಜವಾಗಿಯೂ ಮಾತಾಡಬೇಕಾಗಿದೆ, ಎತ್ತಿಕೊಳ್ಳಿ’. ಹುಬ್ಬಳ್ಳಿಯಲ್ಲಿ ಓದುತ್ತಿದ್ದ ಮಗ ಭಾನುವಾರ ರಾತ್ರಿ ಬಸ್ಸು ಹತ್ತಿದರೆ ಸೋಮವಾರ ಬೆಳಗಿನ ಒಂದು ಗಂಟೆಯ ನಾದಕ್ಕಾಗಿ ಇಡೀ ಮನೆ ಕಿವಿಗೊಟ್ಟು ಕೂತಿರುತ್ತಿತ್ತು. ಕಾಫಿಯ ಲೋಟ ಹಿಡಿದ ತಾಯಿ ಆ ನಾದ ಕೇಳಿದ ಮೇಲೆಯೇ ಮೊದಲ ಗುಟುಕು ಕುಡಿಯುತ್ತಿದ್ದುದು. ಒಮ್ಮೆ ಹೊಸದಾಗಿ ಬಂದ ಸೊಸೆ ಈ ವ್ಯಾಕರಣವನ್ನರಿಯದೆ ಚಟ್ಟನೆ ಫೋನು ಎತ್ತಿಬಿಟ್ಟಳು. ಆಕೆಗೆ ಯಾರೂ ಏನೂ ಅನ್ನಲಿಲ್ಲ. ಆದರೆ ಆ ಕಡೆಯಿಂದ ಮಾವನವರು ಬಿಟ್ಟ ನಿಟ್ಟುಸಿರಿಗೆ ಒಂದು ರೂಪಾಯಿ ಖರ್ಚಾಯಿತೆಂಬುದು ಮಾತ್ರ ಮುಂದೆ ಬಹುಕಾಲ ಮನೆಯ ವಿನೋದವಾಗಿ ಉಳಿಯಿತು. ಮದುವೆಗೆ ಕರೆಯುವುದು, ಹಾಲಿನವನನ್ನು ಬರಹೇಳುವುದು, ಮಹಡಿಯ ಮೇಲಿನ ಹುಡುಗನನ್ನು ಊಟಕ್ಕೆ ಇಳಿಸುವುದು—ಕಾಸು ಕೊಡದೆ ಕಳಿಸುವ ತಂತಿಯಾಗಿತ್ತು ಅದು. ನಿಜವಾದ ತಂತಿಯೇ 2013ರ ಜುಲೈಯಲ್ಲಿ ನಿಂತುಹೋಯಿತು. ಈ ತಂತಿಯೂ ಅದರ ಹಿಂದೆಯೇ ಹೋಯಿತು. ಮಾತು ಅಗ್ಗವಾದಾಗ ಮೌನಕ್ಕೆ ಅರ್ಥವೆಲ್ಲಿಂದ ಬರಬೇಕು?

ನಡುವೆ ‘ಆಜೀವ’ ಯೋಜನೆಯದೊಂದು ಪ್ರಕರಣ. 2005ರ ಕೊನೆಯಲ್ಲಿಯೂ 2006ರಲ್ಲಿಯೂ 999 ರೂಪಾಯಿ ಒಮ್ಮೆ ಕಟ್ಟಿದರೆ ಜೀವಮಾನವಿಡೀ ಒಳಕರೆ ಬರುವುದೆಂದು ಪ್ರಕಟಣೆಗಳು ಬಂದುವು. ಮೇಷ್ಟರು ಕಟ್ಟಿದರು. ಜೀವಮಾನವೆಂದರೆ ಸಂಸ್ಥೆಗೆ ಸರ್ಕಾರ ಕೊಟ್ಟ ಪರವಾನಗಿಯ ಅವಧಿಯೇ ಹೊರತು ಚಂದಾದಾರನ ಆಯುಸ್ಸಲ್ಲವೆಂಬುದು ಸಣ್ಣ ಅಕ್ಷರದ ಸಂಗತಿ. ಷಷ್ಠೀ ವಿಭಕ್ತಿ ಯಾರಿಗೆ ಸೇರುತ್ತದೆಂದು ನೋಡದೆ ಸಮಾಸವನ್ನು ನಂಬಿದರೆ ಹೀಗೆಯೇ. ಆ ಅಕ್ಷರಗಳನ್ನು ಕನ್ನಡಕ ಬದಲಿಸಿ ಓದಿದ ಮೇಲೂ ಮೇಷ್ಟರು ಹತ್ತು ವರ್ಷಕ್ಕೆ ಮೀರಿ ಆ ಯೋಜನೆಯ ಫಲವನ್ನು ಉಂಡರೆನ್ನಬೇಕು. ಮಾತಾಡಬೇಕೆನಿಸಿದಾಗ ಹತ್ತು ರೂಪಾಯಿಯ ರೀಚಾರ್ಜು. 2017ರಲ್ಲಿ ಹೊಸ ತೆರಿಗೆ ಬಂದ ಮೇಲೆ ಆ ಹತ್ತರಲ್ಲಿ ಕೈಗೆ ಸಿಗುವುದು 7 ರೂಪಾಯಿ 47 ಪೈಸೆ: ತೆರಿಗೆ 1 ರೂಪಾಯಿ 53 ಪೈಸೆ, ಸಂಸ್ಥೆಯ ಶುಲ್ಕ 1 ರೂಪಾಯಿ. ಈ ಲೆಕ್ಕವನ್ನು ಮೇಷ್ಟರು ಮೊಮ್ಮಗನಿಗೆ ಶೇಕಡಾವಾರು ಕಲಿಸಲು ಬಳಸುತ್ತಿದ್ದರು.

2016ರ ಸೆಪ್ಟೆಂಬರಿನಲ್ಲಿ ಹೊಸ ಸಂಸ್ಥೆಯೊಂದು ಮಾತನ್ನೂ ಅಂತರ್ಜಾಲವನ್ನೂ ಕೆಲವು ಕಾಲ ಪುಕ್ಕಟೆಯಾಗಿ ಹಂಚಿದ ಮೇಲೆ ಹಳೆಯ ಲೆಕ್ಕಾಚಾರವೆಲ್ಲ ತಲೆಕೆಳಗಾಯಿತು. ಅದರ ಪೆಟ್ಟು ತಿರುಗಿ ಮೇಷ್ಟರಂಥವರ ಮೇಲೆಯೇ ಬಿದ್ದುದು ವಿಚಿತ್ರ. 2018ರ ಕೊನೆಗೆ ಒಳಕರೆ ಉಳಿಯಬೇಕಾದರೂ 28 ದಿನಕ್ಕೆ 35 ರೂಪಾಯಿ ಕಟ್ಟಲೇಬೇಕೆಂಬ ನಿಯಮ ಅವರ ಮನೆಗೂ ಬಂತು. ಆಜೀವ ಅಲ್ಲಿಗೆ ನಿರ್ಜೀವ. ಅಗ್ಗದ ಯೋಜನೆ ಏರುತ್ತ ಏರುತ್ತ 2024ರ ಜುಲೈ ಹೊತ್ತಿಗೆ 199 ರೂಪಾಯಿಗೆ ಮುಟ್ಟಿತು. 2022ರ ಜನವರಿಯಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು ಮೂವತ್ತು ದಿನಗಳ ಯೋಜನೆಗಳನ್ನೂ ಪ್ರತಿ ಸಂಸ್ಥೆ ಇಡಬೇಕೆಂದು ವಿಧಿಸಿತು. ಅಷ್ಟರಲ್ಲಿ ಗುರುವಾರ ರೂಢಿಯಾಗಿಹೋಗಿತ್ತು.

ಆ ಏರಿಕೆಯನ್ನು ಕಾಣಲು ಮೇಷ್ಟರು ಇರಲಿಲ್ಲ. ಅದಕ್ಕೆ ಹಿಂದಿನ ವರ್ಷವೇ ಅವರು ತೀರಿಕೊಂಡರು.

ಪತ್ನಿಗೆ ತಮ್ಮದೇ ಫೋನೊಂದಿತ್ತು. ಹದಿನಾಲ್ಕನೆಯ ದಿನ ಕಳೆದ ಮೇಲೆ ಮಗ ಮೆಲ್ಲಗೆ ಮಾತೆತ್ತಿದ: ಅಪ್ಪನ ಸಂಖ್ಯೆಯನ್ನು ಬಿಟ್ಟುಬಿಡಬಹುದಲ್ಲವೆ? ಆತ ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಬ್ಯಾಂಕಿನಲ್ಲಿ, ಗ್ಯಾಸಿನವರಲ್ಲಿ, ಪಿಂಚಣಿಯ ಕಚೇರಿಯಲ್ಲಿ ದಾಖಲಾದ ಸಂಖ್ಯೆ ಮೇಷ್ಟರದೇ ಆಗಿದ್ದುದರಿಂದ ಕೆಲವು ತಿಂಗಳು ಅದನ್ನು ಉಳಿಸಲೇಬೇಕಾಯಿತು. ಮಗ ಅಲೆದಾಡಿ ಅದನ್ನು ತಾಯಿಯ ಹೆಸರಿಗೆ ವರ್ಗ ಮಾಡಿಸಿದ. ಒಂದೊಂದಾಗಿ ದಾಖಲೆಗಳೂ ಬದಲಾದುವು. ಇನ್ನು ಆ ಸಂಖ್ಯೆಯಿಂದ ಕೆಲಸವೇನೂ ಇಲ್ಲ. 199ನ್ನು ಹದಿಮೂರರಿಂದ ಗುಣಿಸಿದರೆ ವರ್ಷಕ್ಕೆ 2587 ರೂಪಾಯಿ, ಯಾರೂ ಮಾತಾಡದ ಫೋನಿಗೆ.

ಯಾರೂ ಮಾತಾಡದ ಫೋನು ಎಂಬುದು ಸರಿಯಲ್ಲವೆಂದು ಆಕೆಗೆ ಮಾತ್ರ ತಿಳಿದಿತ್ತು. ಸೆಪ್ಟೆಂಬರ್ 5ರಂದು ಬೆಳಗಿನಿಂದಲೇ ಅದು ಗಂಟೆ ಬಾರಿಸುತ್ತದೆ. ಮೂವತ್ತು ವರ್ಷಗಳ ಹಿಂದಿನ ವಿದ್ಯಾರ್ಥಿಗಳು. ಪುಣೆಯಿಂದ ಒಬ್ಬ, ಮಸ್ಕತ್ತಿನಿಂದ ಒಬ್ಬ, ಚಾಮರಾಜನಗರದ ಬಳಿಯ ಹಳ್ಳಿಯಿಂದ ಒಬ್ಬಾಕೆ. “ಮೇಷ್ಟರೆ, ನಮಸ್ಕಾರ” ಎಂದು ಆರಂಭಿಸುವವರಿಗೆ ಸಂಗತಿಯನ್ನು ತಿಳಿಸಬೇಕು. ಮೊದಲ ವರ್ಷ ಆಕೆಗೆ ಅದು ಬಹಳ ಕಷ್ಟವಾಯಿತು. ಎರಡನೆಯ ವರ್ಷ ಕೇಳಿದವರು ಅಳುವುದು ಮುಗಿಯುವವರೆಗೆ ಸುಮ್ಮನಿದ್ದು, ಆಮೇಲೆ ಅವರ ಮಕ್ಕಳೆಷ್ಟು, ಯಾವ ತರಗತಿಯಲ್ಲಿದ್ದಾರೆಂದು ವಿಚಾರಿಸುವಷ್ಟು ಸಮಾಧಾನ ಬಂದಿತ್ತು. ಒಬ್ಬನಂತೂ ಆಗಾಗ ಕರೆಯುತ್ತಲೇ ಇದ್ದಾನೆ.

ನಿಯಮವೇನೆಂದರೆ, ಸಂಖ್ಯೆಯೊಂದು ರದ್ದಾದ ಮೇಲೆ ತೊಂಬತ್ತು ದಿನ ಅದನ್ನು ಯಾರಿಗೂ ಕೊಡುವುದಿಲ್ಲ. ಅನಂತರ ಬೇರೊಬ್ಬ ಚಂದಾದಾರನಿಗೆ ಕೊಡಬಹುದು. ಖಾತೆಯಲ್ಲಿ 20 ರೂಪಾಯಿ ಇದ್ದರೆ ಬಳಸದಿದ್ದ ಮಾತ್ರಕ್ಕೆ ಸಂಖ್ಯೆಯನ್ನು ಕಿತ್ತುಹಾಕಕೂಡದೆಂಬ ವಿಧಿಯೂ 2013ರಿಂದ ಇದೆ. ಅಂಗಡಿಯ ಹುಡುಗ ಇದನ್ನು ಆಕೆಗೆ ವಿವರಿಸಿದ. ಆದರೆ ಹಾಗೆ ಉಳಿಯುವುದು ಸಂಖ್ಯೆಯೇ ಹೊರತು ಕರೆಯಲ್ಲ. ಮಸ್ಕತ್ತಿನವನು ಕರೆದರೆ ಸಂಪರ್ಕವಿಲ್ಲವೆಂದು ಯಂತ್ರ ಉತ್ತರ ಕೊಡುತ್ತದೆ, ಸಂಖ್ಯೆಯನ್ನು ಬಿಟ್ಟುಬಿಟ್ಟರೆ ಕೆಲವು ಕಾಲದ ಮೇಲೆ ಯಾರೋ ಅಪರಿಚಿತರು “ಯಾರು ಮೇಷ್ಟರು? ರಾಂಗ್ ನಂಬರ್” ಎನ್ನುತ್ತಾರೆ. ಆ ಎರಡನೆಯದನ್ನು ನೆನೆದರೆ ಆಕೆಗೆ ನಿದ್ದೆ ಬರುತ್ತಿರಲಿಲ್ಲವಂತೆ.

2024ರ ಡಿಸೆಂಬರಿನಲ್ಲಿ ಪ್ರಾಧಿಕಾರವು ಮತ್ತೊಂದು ನಿಯಮ ಮಾಡಿತು: ಅಂತರ್ಜಾಲ ಬೇಡವಾದವರಿಗೆ ಕೇವಲ ಮಾತಿನ ಯೋಜನೆ ಇರಬೇಕು, ವಿಶೇಷ ಯೋಜನೆಗಳ ಅವಧಿ ತೊಂಬತ್ತು ದಿನಕ್ಕೆ ನಿಲ್ಲದೆ 365 ದಿನದವರೆಗೂ ಹೋಗಬಹುದು. ಮುಂದಿನ ತಿಂಗಳೇ ಸಂಸ್ಥೆಗಳು ಅಂಥ ಯೋಜನೆಗಳನ್ನು ತಂದುವು. 84 ದಿನದ್ದು, 365 ದಿನದ್ದು, ಇವೆರಡರ ನಡುವೆ ವರ್ಷವೆಂಬಂತೆ ತೋರುವ 336 ದಿನದ್ದೂ ಒಂದು. (ಹನ್ನೆರಡು ಇಪ್ಪತ್ತೆಂಟಲೆ ಎಷ್ಟೆಂದು ಮೇಷ್ಟರ ಮೊಮ್ಮಗನನ್ನು ಕೇಳಿದರೆ ತಕ್ಷಣ ಹೇಳುತ್ತಾನೆ.) ಮಗನಿಗೆ ಸಂತೋಷವಾಯಿತು. ತಾಯಿ ಗುರುವಾರ ಗುರುವಾರ ಅಂಗಡಿಯ ಮುಂದೆ ನಿಲ್ಲುವುದು ತಪ್ಪುತ್ತದೆ, ಒಟ್ಟು ಖರ್ಚೂ ಕಡಿಮೆಯಾಗುತ್ತದೆ. ಎರಡು ಫೋನಿಗೂ ವರ್ಷದ ಯೋಜನೆಯನ್ನೇ ಹಾಕಿಸಿಬಿಡೋಣವೆಂದು ಹೊರಟ.

ಆಕೆ ನೀಲಿ ರಟ್ಟಿನ ಪುಸ್ತಕವನ್ನು ತೆರೆದು, ಮೇಷ್ಟರ ದುಂಡಕ್ಷರ ಮುಗಿದ ಕಡೆಯಿಂದ ತಮ್ಮ ಕೈಯಲ್ಲಿ ಬರೆದುಕೊಂಡು ಬಂದಿದ್ದ ಪುಟಗಳನ್ನು ತಿರುವಿ, ಹಣವನ್ನು ಎಣಿಸಿ ಮಗನ ಕೈಗಿಟ್ಟರು.

“ಅವರದಕ್ಕೆ ವರ್ಷದ್ದು ಹಾಕಿಸು. ನನ್ನದಕ್ಕೆ ಇಪ್ಪತ್ತೆಂಟು ದಿನದ್ದೇ ಸಾಕು.”